ಕ್ಲಿನಿಕ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಆದ ಮೇಲೆ: ಎಲ್ಲಿ ಕೈಕೊಡುತ್ತದೆ, ಹೇಗೆ ಹುಡುಕುವುದು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲೋ ಎಂ.ಸಿ.ಸಿ. ಬ್ಲಾಕಿನಲ್ಲೋ ಇರುವ ಒಂದು ನರ್ಸಿಂಗ್ ಹೋಂ ಎಂದುಕೊಳ್ಳಿ. ಶನಿವಾರ ರಾತ್ರಿ ಒಪಿಡಿ ಮುಗಿದ ಮೇಲೆ ಸಾಫ್ಟ್‌ವೇರ್ ಕಂಪನಿಯವರು ದೂರದಿಂದಲೇ ಕಂಪ್ಯೂಟರ್ ಹಿಡಿದು ಹೊಸ ಆವೃತ್ತಿ ಹಾಕಿ, ‘ಎಲ್ಲಾ ಆಯ್ತು ಸರ್, ಒಂದ್ಸಲ ನೋಡ್ಕೊಳ್ಳಿ’ ಎಂದು ಫೋನ್ ಇಟ್ಟಿದ್ದಾರೆ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಬಸ್ಸಿಳಿದು ಬಂದವರು ಕೌಂಟರ್ ಮುಂದೆ ಸಾಲು ನಿಂತಿದ್ದಾರೆ. ಸರ್ವರ್ ಕಂಪ್ಯೂಟರಿನಲ್ಲಿ ಎಲ್ಲವೂ ತೆರೆಯುತ್ತದೆ, ರಿಸೆಪ್ಷನ್‌ನಲ್ಲಿ ತೆರೆಯುವುದಿಲ್ಲ. ಲ್ಯಾಬಿನಲ್ಲಿ ತೆರೆಯುತ್ತದೆ, ಪ್ರಿಂಟ್ ಬರುವುದಿಲ್ಲ. ಡಾಕ್ಟರ ಕೋಣೆಯಲ್ಲಿ ಪ್ರಿಂಟೂ ಬರುತ್ತದೆ, ಆದರೆ ಔಷಧಿ ಚೀಟಿಯಲ್ಲಿ ‘ರಾತ್ರಿ ಊಟದ ನಂತರ’ ಎಂದಿರಬೇಕಾದ ಕಡೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು.

‘ಹೊಸ ವರ್ಷನ್ ಸರಿ ಇಲ್ಲ’ ಎಂದು ಒಂದೇ ಮಾತಿನಲ್ಲಿ ಬೈದುಬಿಡುವುದು ಸುಲಭ. ಆದರೆ ಇವು ಮೂರು ಬೇರೆ ಬೇರೆ ಜಾಗದ ತೊಂದರೆಗಳು. ಮೊದಲನೆಯದು ನೆಟ್‌ವರ್ಕಿನದು, ಎರಡನೆಯದು ವಿಂಡೋಸ್‌ದು, ಮೂರನೆಯದು ಡೇಟಾಬೇಸಿನದು. ಮೊದಲೆರಡು ಎಷ್ಟೇ ಗಲಾಟೆ ಮಾಡಿದರೂ ಅರ್ಧ ಗಂಟೆಯ ಕೆಲಸ. ಮೂರನೆಯದು ಗಲಾಟೆ ಮಾಡುವುದೇ ಇಲ್ಲ. ಗಮನಿಸದೆ ಬಿಟ್ಟರೆ ಸಂಜೆಯೊಳಗೆ ನೂರಾರು ದಾಖಲೆ ಹಾಳಾಗಿರುತ್ತದೆ. ಅಪ್‌ಗ್ರೇಡ್ ಆದ ಮೇಲೆ ಹೆದರಬೇಕಾದದ್ದು ಎರರ್ ಕೊಟ್ಟು ನಿಲ್ಲುವ ತಪ್ಪಿಗಲ್ಲ, ಎರರ್ ಕೊಡದೆ ಮುಂದುವರಿಯುವ ತಪ್ಪಿಗೆ. ಸಮಯ ಕಡಿಮೆ ಇದ್ದರೆ ಈ ಲೇಖನದಲ್ಲಿ ಕನ್ನಡ ಅಕ್ಷರ, ತಾರೀಖು, ಲ್ಯಾಬ್ ಯೂನಿಟ್ ಎಂಬ ಮೂರು ಭಾಗಗಳನ್ನು ಮೊದಲು ಓದಿ.

ಯಾವ ಪದರದಲ್ಲಿ ಕೆಟ್ಟಿದೆ?

ಸಾಫ್ಟ್‌ವೇರ್ ಎಂದು ನಾವು ಕರೆಯುವುದರೊಳಗೆ ಹಲವು ತುಂಡುಗಳಿವೆ. ಒಂದು ಕಂಪ್ಯೂಟರಿನಲ್ಲಿ (ಇದೇ ಸರ್ವರ್) ಎಲ್ಲ ದಾಖಲೆಗಳ ಕಣಜವಾದ ಡೇಟಾಬೇಸ್ ಇರುತ್ತದೆ. ನಮ್ಮ ಊರುಗಳ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್, ಇಲ್ಲವೇ ಮೈಎಸ್‌ಕ್ಯೂಎಲ್. ಕೌಂಟರ್, ಲ್ಯಾಬ್, ಮೆಡಿಕಲ್ಸ್, ಡಾಕ್ಟರ ಕೋಣೆಗಳಲ್ಲಿರುವುದು ಅದರ ಜೊತೆ ಮಾತಾಡುವ ಪ್ರೋಗ್ರಾಂ ಮಾತ್ರ. ಬಿಲ್ ಮತ್ತು ರಿಪೋರ್ಟ್ ಅಚ್ಚು ಹಾಕಲು ಇನ್ನೊಂದು ತುಂಡು, ಲ್ಯಾಬ್ ಯಂತ್ರದಿಂದ ಫಲಿತಾಂಶ ಎಳೆದುಕೊಳ್ಳಲು ಮತ್ತೊಂದು, ಎಸ್‌ಎಂಎಸ್ ಕಳಿಸಲು ಮಗದೊಂದು. ಅಪ್‌ಗ್ರೇಡ್ ಎಂದರೆ ಇವೆಲ್ಲ ಒಟ್ಟಿಗೆ ಬದಲಾಗಬೇಕು. ಒಂದು ಹಳೆಯದಾಗಿಯೇ ಉಳಿದರೂ ಜೋಡಣೆ ತಪ್ಪುತ್ತದೆ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ತೊಂದರೆ ಎಲ್ಲ ಕಂಪ್ಯೂಟರಿನಲ್ಲೂ ಇದೆಯೇ, ಒಂದರಲ್ಲಿ ಮಾತ್ರವೇ? ಸರ್ವರಿನಲ್ಲೂ ಇದ್ದರೆ ಅದು ಡೇಟಾಬೇಸ್ ಅಥವಾ ಹೊಸ ಪ್ರೋಗ್ರಾಮಿನದು. ಸರ್ವರಿನಲ್ಲಿ ಸರಿಯಿದ್ದು ಉಳಿದ ಎಲ್ಲ ಕಡೆ ಕೆಟ್ಟಿದ್ದರೆ ನೆಟ್‌ವರ್ಕ್ ಅಥವಾ ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ಕಾವಲು). ಒಂದೇ ಕಂಪ್ಯೂಟರಿನಲ್ಲಿ ಕೆಟ್ಟಿದ್ದರೆ ಅದರಲ್ಲೇ ಹುಡುಕಬೇಕು. ಸಪೋರ್ಟ್‌ನವರಿಗೆ ಫೋನ್ ಮಾಡುವ ಮೊದಲು ಇಷ್ಟು ನೋಡಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಜೊತೆಗೆ ಎರರ್ ಪೆಟ್ಟಿಗೆಯನ್ನು ಮುಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ‘ಏನೋ ಇಂಗ್ಲಿಷಿನಲ್ಲಿ ಬಂತು, ಓಕೆ ಒತ್ತಿದೆ’ ಎಂದರೆ ಯಾರಿಗೂ ಏನೂ ಮಾಡಲಾಗದು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಗಾಬರಿಯಲ್ಲಿ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುವ ಕೆಲಸಕ್ಕೆ ಕೈಹಾಕಬೇಡಿ. ಮೊದಲು ಈಗಿರುವ ಸ್ಥಿತಿಯದೇ ಒಂದು ಬ್ಯಾಕಪ್ ತೆಗೆದು ಬೇರೆ ಡಿಸ್ಕಿಗೆ ಹಾಕಿ, ಅಪ್‌ಗ್ರೇಡ್ ಮುಗಿದ ಗಂಟೆ-ನಿಮಿಷವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಆ ಸಮಯ ಎಷ್ಟು ಮುಖ್ಯ ಎಂಬುದು ಮುಂದೆ ತಾರೀಖಿನ ವಿಷಯ ಬಂದಾಗ ತಿಳಿಯುತ್ತದೆ.

ಸರ್ವರ್ ಸಿಗುತ್ತಿಲ್ಲ

ಕೌಂಟರ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಪಿಂಗ್ ಎಂದು ಬರೆದು ಸರ್ವರಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ, ಕೊಡಿ. ಉತ್ತರವೇ ಬರದಿದ್ದರೆ ವಿಳಾಸ ಬದಲಾಗಿದೆಯೇ ನೋಡಿ. ಅಪ್‌ಗ್ರೇಡ್ ಮಾಡುವಾಗ ಸರ್ವರನ್ನು ಒಂದೆರಡು ಸಲ ರೀಸ್ಟಾರ್ಟ್ ಮಾಡಿರುತ್ತಾರೆ. ರೂಟರ್ ತನಗೆ ತೋಚಿದ ಹೊಸ ವಿಳಾಸ ಕೊಟ್ಟಿರುತ್ತದೆ. ನಿನ್ನೆ 192.168.1.10 ಇದ್ದದ್ದು ಇಂದು 192.168.1.14. ಪ್ರತಿ ಕಂಪ್ಯೂಟರಿಗೂ ಹೋಗಿ ಹೊಸ ವಿಳಾಸ ಬರೆದರೆ ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಮತ್ತೆ ಅದೇ ಕಥೆ. ರೂಟರಿನಲ್ಲಿಯೇ ಸರ್ವರಿಗೆ ಒಂದು ವಿಳಾಸವನ್ನು ಕಾಯ್ದಿರಿಸಿದರೆ ಈ ತೊಂದರೆ ಅಲ್ಲಿಗೆ ಮುಗಿಯುತ್ತದೆ.

ಪಿಂಗ್‌ಗೆ ಉತ್ತರ ಬಂದು ಪ್ರೋಗ್ರಾಂ ಮಾತ್ರ ತೆರೆಯದಿದ್ದರೆ ಪೋರ್ಟ್, ಅಂದರೆ ಪ್ರೋಗ್ರಾಂ ಮಾತಾಡುವ ಸಂಖ್ಯೆಯಿಟ್ಟ ಬಾಗಿಲು, ಮುಚ್ಚಿರಬಹುದು. ಎಸ್‌ಕ್ಯೂಎಲ್ ಸರ್ವರ್ ಸಾಮಾನ್ಯವಾಗಿ ಟಿಸಿಪಿ 1433ರಲ್ಲಿ ಕೇಳಿಸಿಕೊಳ್ಳುತ್ತದೆ, ಮೈಎಸ್‌ಕ್ಯೂಎಲ್ 3306ರಲ್ಲಿ. ಆದರೆ ಎಕ್ಸ್‌ಪ್ರೆಸ್ ಆವೃತ್ತಿ ಹೆಸರಿಟ್ಟ ಇನ್‌ಸ್ಟೆನ್ಸ್ (ತನ್ನದೇ ಹೆಸರಿನ ಪ್ರತ್ಯೇಕ ಸ್ಥಾಪನೆ) ಆಗಿ ಕೂರುವುದರಿಂದ, ಪ್ರತಿ ಸಲ ಶುರುವಾದಾಗ ಬೇರೆ ಪೋರ್ಟ್ ಹಿಡಿಯಬಹುದು. ಆ ಪೋರ್ಟ್ ಯಾವುದೆಂದು ಉಳಿದ ಕಂಪ್ಯೂಟರುಗಳಿಗೆ ಹೇಳುವುದು ಎಸ್‌ಕ್ಯೂಎಲ್ ಬ್ರೌಸರ್ ಎಂಬ ಸರ್ವಿಸ್. ಅದು ಯುಡಿಪಿ 1434ರಲ್ಲಿರುತ್ತದೆ. ಆ ಸರ್ವಿಸ್ ನಿಂತಿದ್ದರೆ, ಅಥವಾ ಫೈರ್‌ವಾಲ್ 1434ನ್ನು ತಡೆದಿದ್ದರೆ, ‘ಎರರ್ 26’ ಬರುತ್ತದೆ. ಸರ್ವಿಸಸ್ ಪಟ್ಟಿಯಲ್ಲಿ ಅದನ್ನು ಆಟೊಮ್ಯಾಟಿಕ್ ಮಾಡಿ ಶುರು ಮಾಡಿ, ಫೈರ್‌ವಾಲಿನಲ್ಲಿ ದಾರಿ ಬಿಡಿ. ಇನ್ನೂ ಗಟ್ಟಿ ದಾರಿಯೆಂದರೆ ಇನ್‌ಸ್ಟೆನ್ಸಿಗೆ ಒಂದು ಸ್ಥಿರ ಪೋರ್ಟ್ ಕೊಟ್ಟು, ಪ್ರೋಗ್ರಾಮಿನ ಸೆಟ್ಟಿಂಗಿನಲ್ಲೂ ಅದನ್ನೇ ಬರೆಯುವುದು. ‘ಎರರ್ 18456’ ಬಂದರೆ ಮಾತ್ರ ನೆಟ್‌ವರ್ಕ್ ಮುಟ್ಟಬೇಡಿ. ಸಂಪರ್ಕ ಸಿಕ್ಕಿದೆ, ಪಾಸ್‌ವರ್ಡ್ ಅಥವಾ ಯೂಸರ್ ತಪ್ಪಾಗಿದೆ. ಫೈರ್‌ವಾಲನ್ನು ಪೂರ್ತಿ ಆಫ್ ಮಾಡಿ ‘ಈಗ ಆಯ್ತು’ ಎನ್ನುವುದು ಪರೀಕ್ಷೆಗೆ ಒಂದು ನಿಮಿಷ ಸರಿ. ಹಾಗೇ ಬಿಟ್ಟು ಹೋಗುವುದು ರೋಗಿಗಳ ದಾಖಲೆಯನ್ನು ಬೀದಿಯಲ್ಲಿಟ್ಟಂತೆ.

ವಿಂಡೋಸ್ ಕೂಡ ಅದೇ ದಿನ ಅಪ್‌ಡೇಟ್ ಆಗಿದ್ದರೆ ಇನ್ನೆರಡು ಕಡೆ ನೋಡಬೇಕು. ಒಂದು, ನೆಟ್‌ವರ್ಕ್ ‘ಪ್ರೈವೇಟ್’ ಇದ್ದದ್ದು ‘ಪಬ್ಲಿಕ್’ ಆಗಿರುತ್ತದೆ. ಆಗ ಹಂಚಿಕೊಂಡ ಫೋಲ್ಡರ್, ಪ್ರಿಂಟರ್ ಎರಡೂ ಮಾಯ. ಸೆಟ್ಟಿಂಗ್ಸ್‌ನಲ್ಲಿ ಈಥರ್‌ನೆಟ್ ತೆರೆದು ಮತ್ತೆ ಪ್ರೈವೇಟ್ ಮಾಡಿ. ಎರಡು, ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪಾಸ್‌ವರ್ಡ್ ಇಲ್ಲದ ಹಂಚಿಕೆಯನ್ನು ಪ್ರೊ ಕಂಪ್ಯೂಟರುಗಳು ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಬಹಳ ಕ್ಲಿನಿಕ್‌ಗಳು ವಿಂಡೋಸ್ ಮತ್ತು ಸಾಫ್ಟ್‌ವೇರ್ ಎರಡನ್ನೂ ಒಟ್ಟಿಗೇ ಬದಲಿಸುತ್ತಿವೆ. ಸ್ಕ್ಯಾನ್ ಮಾಡಿದ ಕಾಗದಗಳ ಫೋಲ್ಡರ್ ಹಳೆಯ ರೀತಿಯಲ್ಲಿ ಎಲ್ಲರಿಗೂ ತೆರೆದಿದ್ದರೆ ಅದು ಇನ್ನು ಸಿಗುವುದಿಲ್ಲ. ಸರ್ವರಿನಲ್ಲಿ ಪಾಸ್‌ವರ್ಡ್ ಇರುವ ಒಂದು ಯೂಸರ್ ಮಾಡಿ, ಫೋಲ್ಡರನ್ನು ಆ ಯೂಸರಿಗೆ ಮಾತ್ರ ಹಂಚಿ, ಪ್ರತಿ ಕಂಪ್ಯೂಟರಿನ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಅದನ್ನು ಸೇರಿಸಿ. ಇಂಟರ್‌ನೆಟ್ಟಿನಲ್ಲಿ ಸಿಗುವ ‘ಸೆಕ್ಯುರಿಟಿ ಆಫ್ ಮಾಡುವ’ ಉಪಾಯ ಬೇಡ.

ಒಂದೇ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಡೆಸ್ಕ್‌ಟಾಪಿನ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಅದು ಯಾವ ಫೋಲ್ಡರಿಗೆ ಹೋಗುತ್ತದೆ ನೋಡಿ. ಹಳೆಯ ಐಕಾನ್ ಹಳೆಯ ಪ್ರೋಗ್ರಾಮನ್ನೇ ತೆರೆಯುತ್ತಿರುವುದು ದಿನನಿತ್ಯದ ತಪ್ಪು. ಹಳೆಯ ಪ್ರೋಗ್ರಾಂ ಹೊಸ ಡೇಟಾಬೇಸಿನ ಜೊತೆ ಕೆಲಸ ಮಾಡಿದರೆ ಕೆಲವು ಕಾಲಮ್‌ಗಳನ್ನು ಖಾಲಿ ಬಿಟ್ಟೇ ಸೇವ್ ಮಾಡಬಹುದು. ಆದ್ದರಿಂದ ಹಳೆಯ ಐಕಾನನ್ನು ಅಳಿಸುವುದೇ ಕ್ಷೇಮ. ‘ಎಂಎಸ್‌ವಿಸಿಪಿ140 ಡಿಎಲ್‌ಎಲ್ ಇಲ್ಲ’ ಎಂದರೆ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಹಾಕಬೇಕು. ರಿಪೋರ್ಟ್ ತೆರೆಯುವಾಗ ಮಾತ್ರ ಬಿದ್ದುಹೋದರೆ ಬಹಳ ಸಲ ಕ್ರಿಸ್ಟಲ್ ರಿಪೋರ್ಟ್ಸ್ ರನ್‌ಟೈಮ್ (ರಿಪೋರ್ಟ್ ತೋರಿಸಲು ಬೇಕಾದ ಸಹಾಯಕ ತಂತ್ರಾಂಶ) ಇರುವುದಿಲ್ಲ. ಪ್ರೋಗ್ರಾಂ 32 ಬಿಟ್ ಇದ್ದರೆ ರನ್‌ಟೈಮೂ 32 ಬಿಟ್ಟಿನದೇ ಬೇಕು, ವಿಂಡೋಸ್ 64 ಬಿಟ್ ಆಗಿದ್ದರೂ ಸರಿಯೇ. ಐಕಾನ್ ಒತ್ತಿದರೆ ಏನೂ ಆಗದಿದ್ದಾಗ ವಿಂಡೋಸ್ ಸೆಕ್ಯುರಿಟಿಯ ಪ್ರೊಟೆಕ್ಷನ್ ಹಿಸ್ಟರಿ ನೋಡಿ, ಆಂಟಿವೈರಸ್ ಹೊಸ ಫೈಲನ್ನು ಎತ್ತಿಟ್ಟಿರಬಹುದು.

ಪ್ರಿಂಟರ್

ಹಂಚಿಕೊಂಡ ಪ್ರಿಂಟರ್ ‘0ಎಕ್ಸ್0000011ಬಿ’ ಎಂಬ ಎರರ್ ಕೊಟ್ಟರೆ ಅದು ಕ್ಲಿನಿಕ್ ಸಾಫ್ಟ್‌ವೇರಿನ ತಪ್ಪಲ್ಲ. 2021ರ ಸೆಪ್ಟೆಂಬರ್ ನಂತರದ ವಿಂಡೋಸ್ ಅಪ್‌ಡೇಟುಗಳು ಪ್ರಿಂಟರ್ ಹಂಚಿಕೆಗೆ ಬಿಗಿ ನಿಯಮ ತಂದವು. ಒಂದು ಕಂಪ್ಯೂಟರ್ ಅಪ್‌ಡೇಟ್ ಆಗಿ ಇನ್ನೊಂದು ಆಗದಿದ್ದರೆ ಜಗಳ ಶುರು. ಎರಡನ್ನೂ ಅಪ್‌ಡೇಟ್ ಮಾಡಿ. ಪ್ರಿಂಟರಿಗೆ ನೆಟ್‌ವರ್ಕ್ ಕೇಬಲ್ ಹಾಕುವ ಜಾಗ ಇದ್ದರೆ ಹಂಚಿಕೆಯ ತಂಟೆಯೇ ಬೇಡ, ಅದಕ್ಕೆ ಒಂದು ಐಪಿ ಕೊಟ್ಟು ನೇರವಾಗಿ ಸೇರಿಸಿ.

ಡಾಟ್ ಮ್ಯಾಟ್ರಿಕ್ಸಿನಲ್ಲಿ ಬಿಲ್ ಬರುವ ಕಡೆ ಒಂದು ಬಿಲ್ಲಿಗೆ ಎರಡು ಹಾಳೆ ಓಡತೊಡಗಿದರೆ ಪೇಪರ್ ಅಳತೆ ಎ4ಗೆ ಮರಳಿದೆ. 10×12ರ ಅರ್ಧ, ಅಂದರೆ 10×6 ಇಂಚಿನ ಹಾಳೆ ಬಳಸುವವರು ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ತೆರೆದು ಅದೇ ಅಳತೆಯ ಹೊಸ ಫಾರ್ಮ್ ಸೃಷ್ಟಿಸಿ, ಪ್ರಿಂಟರಿನ ಡೀಫಾಲ್ಟ್ ಆಗಿ ಆರಿಸಬೇಕು. ಥರ್ಮಲ್ ಪ್ರಿಂಟರಿನಲ್ಲಿ ಬಲಗಡೆಯ ಮೊತ್ತ ಕತ್ತರಿಸಿ ಹೋದರೆ ಅಗಲ ನೋಡಿ: 80 ಮಿ.ಮೀ. ರೋಲಿನಲ್ಲಿ ಅಚ್ಚಾಗುವುದು ಸುಮಾರು 72 ಮಿ.ಮೀ. ಮಾತ್ರ. ಥರ್ಮಲ್‌ನಲ್ಲಿ ಇಂಗ್ಲಿಷ್ ಸರಿಯಾಗಿ ಬಂದು ಕನ್ನಡ ಮಾತ್ರ ಕಸಕಸವಾದರೆ, ಹೊಸ ಆವೃತ್ತಿ ಪ್ರಿಂಟರಿಗೆ ನೇರ ಅಕ್ಷರಗಳನ್ನು ಕಳಿಸುತ್ತಿದೆ ಎಂದರ್ಥ. ಈ ಯಂತ್ರಗಳ ಒಳಗೆ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ಸೆಟ್ಟಿಂಗಿನಲ್ಲಿ ವಿಂಡೋಸ್ ಡ್ರೈವರ್ ಮೂಲಕ ಪ್ರಿಂಟ್ ಎಂದು ಬದಲಿಸಿದರೆ ಚಿತ್ರವಾಗಿ ಅಚ್ಚಾಗುತ್ತದೆ. ತುಸು ನಿಧಾನ, ಆದರೆ ಓದಲು ಬರುತ್ತದೆ.

ಕನ್ನಡ ಅಕ್ಷರ ಕೆಟ್ಟಿದ್ದರೆ ಮೊದಲು ಹೇಗೆ ಕೆಟ್ಟಿದೆ ನೋಡಿ

ಈ ಭಾಗವನ್ನು ನಿಧಾನವಾಗಿ ಓದಬೇಕು, ಏಕೆಂದರೆ ಇಂಗ್ಲಿಷಿನಲ್ಲೇ ಬರೆದ ಸಹಾಯಪುಸ್ತಕಗಳಲ್ಲಿ ಇದು ಇರುವುದಿಲ್ಲ. ಚೀಟಿಯಲ್ಲಿ ಕನ್ನಡ ನಾಲ್ಕು ರೀತಿಯಲ್ಲಿ ಕೆಡುತ್ತದೆ. ನಾಲ್ಕಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಮೇಲೆ-ಕೆಳಗೆ ಚುಕ್ಕಿ, ಗೆರೆಗಳಿರುವ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಂಡರೆ ಹೆದರಬೇಡಿ. ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ. ಆ ಕಾಲದ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಒಳಗೆ ಉಳಿಸುವುದು ಇಂಗ್ಲಿಷ್ ಸಂಕೇತಗಳನ್ನೇ. ಕನ್ನಡದ ರೂಪ ಕೊಡುವುದು ಫಾಂಟ್. ಹೊಸ ಆವೃತ್ತಿಯ ರಿಪೋರ್ಟ್ ಬೇರೆ ಫಾಂಟ್ ಬಳಸಿದ್ದರಿಂದ ಮುಖವಾಡ ಕಳಚಿದೆ, ಅಷ್ಟೆ. ದತ್ತಾಂಶ ಹಾಗೇ ಇದೆ. ಹಳೆಯ ಫಾಂಟನ್ನು ರಿಪೋರ್ಟಿನಲ್ಲಿ ಮತ್ತೆ ಹಾಕಬಹುದು. ಒಳ್ಳೆಯದೆಂದರೆ ಕನ್ವರ್ಟರ್ ಬಳಸಿ ಒಮ್ಮೆಗೇ ಯುನಿಕೋಡಿಗೆ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ವ್ಯವಸ್ಥೆ) ಬದಲಿಸಿಕೊಳ್ಳುವುದು.

ಚೌಕ ಡಬ್ಬಿಗಳು ಕಂಡರೆ ಪಠ್ಯ ಯುನಿಕೋಡಿನಲ್ಲೇ ಇದೆ, ಆರಿಸಿದ ಫಾಂಟಿನಲ್ಲಿ ಕನ್ನಡವಿಲ್ಲ. ರಿಪೋರ್ಟಿನ ಆ ಜಾಗಕ್ಕೆ ನಿರ್ಮಲಾ ಯುಐ ಅಥವಾ ತುಂಗಾ ಫಾಂಟ್ ಹಾಕಿ. ಒತ್ತಕ್ಷರ ಬಿಡಿಬಿಡಿಯಾಗಿ, ‘ಮಾತ್ರೆ’ಯ ರಕಾರ ಕೆಳಗೆ ಕೂರದೆ ಪಕ್ಕಕ್ಕೆ ಬಂದರೆ, ಪಿಡಿಎಫ್ ತಯಾರಿಸುವ ತುಂಡಿಗೆ ಕನ್ನಡದ ಜೋಡಣೆ ಗೊತ್ತಿಲ್ಲ. ಇದನ್ನು ನೀವು ಸರಿಪಡಿಸಲಾಗದು, ಕಂಪನಿಯವರೇ ಮಾಡಬೇಕು. ಅಲ್ಲಿಯವರೆಗೆ ಪಿಡಿಎಫ್ ಬಿಟ್ಟು ನೇರ ಪ್ರಿಂಟ್ ಕೊಟ್ಟು ನೋಡಿ. ಪರೀಕ್ಷೆಗೆ ‘ಶಸ್ತ್ರಚಿಕಿತ್ಸೆ’, ‘ಸ್ತ್ರೀ’, ‘ಕ್ಷಕಿರಣ’, ‘ರಾತ್ರಿ’ ಈ ನಾಲ್ಕು ಪದ ಸಾಕು. ಇವು ನೆಟ್ಟಗೆ ಬಂದರೆ ಉಳಿದವೂ ಬರುತ್ತವೆ.

ನಾಲ್ಕನೆಯದೇ ಅಪಾಯದ್ದು: ಪ್ರಶ್ನಾರ್ಥಕ ಚಿಹ್ನೆಗಳು. ಡೇಟಾಬೇಸಿನಲ್ಲಿ ಪಠ್ಯ ಇಡುವ ಕಾಲಮ್‌ಗಳಲ್ಲಿ ಎರಡು ಬಗೆ. ‘ಎನ್‌ವಾರ್‌ಚಾರ್’ ಎಲ್ಲ ಭಾಷೆಯನ್ನೂ ಹಿಡಿಯುತ್ತದೆ. ‘ವಾರ್‌ಚಾರ್’ ತನ್ನ ಸಂಕೇತಪಟ್ಟಿಯಲ್ಲಿರುವ ಅಕ್ಷರಗಳನ್ನಷ್ಟೇ ಹಿಡಿಯುತ್ತದೆ. ಅದರಲ್ಲಿಲ್ಲದ ಪ್ರತಿ ಕನ್ನಡ ಸಂಕೇತದ ಬದಲಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದು ಸುಮ್ಮನಾಗುತ್ತದೆ. ಎರರ್ ಕೊಡುವುದಿಲ್ಲ. ಅಪ್‌ಗ್ರೇಡಿನಲ್ಲಿ ಒಂದು ಕಾಲಮ್ ತಪ್ಪು ಬಗೆಯದಾದರೆ, ಅಥವಾ ಹೊಸ ಪ್ರೋಗ್ರಾಂ ಯುನಿಕೋಡ್ ಎಂದು ಸೂಚಿಸದೆ ಪಠ್ಯವನ್ನು ಕಳಿಸಿದರೆ, ಮೂಲ ಅಕ್ಷರ ಅಲ್ಲಿಗೆ ನಾಶ. ಮೈಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ ಸಂಬಂಧಿಸಿದ್ದು ಕ್ಯಾರೆಕ್ಟರ್ ಸೆಟ್. ಟೇಬಲ್ ಮತ್ತು ಸಂಪರ್ಕ ಎರಡೂ ‘ಯುಟಿಎಫ್8ಎಂಬಿ4’ ಇರಬೇಕು. ಫಾಂಟ್ ಬದಲಿಸಿದರೆ ಇದು ವಾಸಿಯಾಗದು. ಪ್ರಶ್ನಾರ್ಥಕ ಕಂಡ ಕೂಡಲೇ ಕನ್ನಡದಲ್ಲಿ ನಮೂದು ಮಾಡುವುದನ್ನು ಎಲ್ಲ ಕಡೆ ನಿಲ್ಲಿಸಿ. ಹಳೆಯ ರೋಗಿಯೊಬ್ಬರ ದಾಖಲೆ ತೆರೆದು ನೋಡಿ. ಅದು ಸರಿಯಿದ್ದರೆ ಹೊಸ ನಮೂದುಗಳಷ್ಟೇ ಹಾಳು. ಅವನ್ನು ಮತ್ತೆ ಟೈಪ್ ಮಾಡಿದರೆ ಸಾಕು. ಹಳೆಯದೂ ಪ್ರಶ್ನಾರ್ಥಕವಾಗಿದ್ದರೆ ಅಪ್‌ಗ್ರೇಡಿಗೆ ಮುಂಚಿನ ಬ್ಯಾಕಪ್ಪಿನಿಂದ ತರುವುದೊಂದೇ ದಾರಿ.

ತಾರೀಖು: ಹದಿಮೂರರವರೆಗೆ ತಿಳಿಯದ ತಪ್ಪು

ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಅಮೆರಿಕದ ಕ್ರಮದಲ್ಲಿ ತಿಂಗಳು ಮೊದಲು. ಹೊಸ ವಿಂಡೋಸ್ ಅಥವಾ ಹೊಸ ಡೇಟಾಬೇಸ್ ಲಾಗಿನ್ ಅಮೆರಿಕದ ಕ್ರಮದಲ್ಲಿ ಕೂತಿದ್ದರೆ 05/04/2025 ಎಂಬುದು ಏಪ್ರಿಲ್ 5ರ ಬದಲು ಮೇ 4 ಆಗುತ್ತದೆ. ದಿನ 12ರೊಳಗಿದ್ದರೆ ಎರಡೂ ಓದು ಸಾಧ್ಯ, ಹಾಗಾಗಿ ಎರರ್ ಬಾರದು. 12 ದಾಟಿದರೆ ಹದಿಮೂರನೆಯ ತಿಂಗಳಿಲ್ಲವಾದ್ದರಿಂದ ಆಗ ಎರರ್ ಬರುತ್ತದೆ. ತಿಂಗಳ ಮೊದಲ ವಾರ ಅಪ್‌ಗ್ರೇಡ್ ಮಾಡಿ, ಆ ದಿನದ ತಾರೀಖನ್ನಷ್ಟೇ ಪರೀಕ್ಷಿಸಿದವರು ಎಲ್ಲ ಸರಿಯಿದೆ ಎಂದುಕೊಳ್ಳುವುದು ಹೀಗೆ.

ಇದರ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ. ಮಗು ಹುಟ್ಟಿದ್ದು ಏಪ್ರಿಲ್ 5. ಆರು ವಾರಕ್ಕೆ ಹಾಕುವ ಪೆಂಟಾವಲೆಂಟ್ ಮೊದಲ ಡೋಸ್ ಮೇ 17ಕ್ಕೆ ಬರಬೇಕು. ತಾರೀಖು ತಿರುಗಿಬಿದ್ದರೆ ಸಾಫ್ಟ್‌ವೇರ್ ಜೂನ್ 15ಕ್ಕೆ ಬನ್ನಿ ಎಂದು ಎಸ್‌ಎಂಎಸ್ ಕಳಿಸುತ್ತದೆ. ತಾಯಿ ಆ ಮಾತನ್ನು ನಂಬಿ ನಾಲ್ಕು ವಾರ ತಡವಾಗಿ ಬರುತ್ತಾರೆ. ಮೆಡಿಕಲ್ಸ್‌ನಲ್ಲಿ ಎಕ್ಸ್‌ಪೈರಿ, ಹೆರಿಗೆಯ ನಿರೀಕ್ಷಿತ ದಿನ, ಹೊಲಿಗೆ ಬಿಚ್ಚುವ ದಿನ, ಎಲ್ಲಕ್ಕೂ ಇದೇ ಗತಿ.

ಪರೀಕ್ಷೆ ಸುಲಭ. ಒಂದು ಸುಳ್ಳು ರೋಗಿಯ ಹೆಸರಿನಲ್ಲಿ ಜನ್ಮದಿನ 25/03/2020 ಹಾಕಿ, ಇನ್ನೊಂದಕ್ಕೆ 03/04/2020 ಹಾಕಿ. ಸೇವ್ ಮಾಡಿ, ತಿಂಗಳ ಹೆಸರನ್ನು ಅಕ್ಷರದಲ್ಲಿ ತೋರಿಸುವ ಯಾವುದಾದರೂ ರಿಪೋರ್ಟಿನಲ್ಲಿ ನೋಡಿ. ಇದನ್ನು ಪ್ರತಿ ಕಂಪ್ಯೂಟರಿನಿಂದಲೂ ಮಾಡಬೇಕು. ಕೌಂಟರಿನಲ್ಲಿ ಸರಿಯಿದ್ದು ಲ್ಯಾಬಿನಲ್ಲಿ ತಪ್ಪಿರಬಹುದು. ಕಂಟ್ರೋಲ್ ಪ್ಯಾನೆಲಿನ ರೀಜನ್ ತೆರೆದು ಇಂಗ್ಲಿಷ್ (ಇಂಡಿಯಾ) ಆರಿಸಿ, ಚಿಕ್ಕ ತಾರೀಖಿನ ಕ್ರಮ ದಿನ-ತಿಂಗಳು-ವರ್ಷ ಮಾಡಿ. ಅಲ್ಲಿಗೇ ನಿಲ್ಲಬೇಡಿ: ಅಡ್ಮಿನಿಸ್ಟ್ರೇಟಿವ್ ಎಂಬ ಟ್ಯಾಬಿನಲ್ಲಿ ಈ ಸೆಟ್ಟಿಂಗನ್ನು ಸಿಸ್ಟಂ ಖಾತೆಗೂ ನಕಲು ಮಾಡುವ ಗುಂಡಿಯಿದೆ. ಎಸ್‌ಎಂಎಸ್ ಕಳಿಸುವ ಹಿನ್ನೆಲೆ ಸರ್ವಿಸ್ ಆ ಖಾತೆಯಲ್ಲೇ ಓಡುತ್ತಿರಬಹುದು. ಎಸ್‌ಕ್ಯೂಎಲ್ ಸರ್ವರಿನ ಲಾಗಿನ್ನಿಗೂ ಒಂದು ಡೀಫಾಲ್ಟ್ ಭಾಷೆ ಇರುತ್ತದೆ. ‘ಯುಎಸ್ ಇಂಗ್ಲಿಷ್’ ಇದ್ದರೆ ತಿಂಗಳು ಮೊದಲು, ‘ಬ್ರಿಟಿಷ್ ಇಂಗ್ಲಿಷ್’ ಇದ್ದರೆ ದಿನ ಮೊದಲು.

ಈಗಾಗಲೇ ತಪ್ಪಾಗಿರುವ ತಾರೀಖುಗಳನ್ನು ತಿದ್ದುವಾಗ ಬರೆದಿಟ್ಟ ಆ ಗಂಟೆ-ನಿಮಿಷ ಬೇಕಾಗುತ್ತದೆ. ಅಪ್‌ಗ್ರೇಡಿಗೆ ಮುಂಚಿನ ದಾಖಲೆಗಳು ಸರಿಯಾಗಿವೆ, ತಿರುಗಿದವು ಇರುವುದು ನಂತರದವುಗಳಲ್ಲಿ ಮಾತ್ರ. ಗಡಿ ಎಲ್ಲಿ ಎಂದು ತಿಳಿಯದೆ ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಸರಿಯಾಗಿದ್ದವೂ ಹಾಳಾಗುತ್ತವೆ.

ಲ್ಯಾಬ್: ಸಂಖ್ಯೆ ಬಂತು, ಆದರೆ ಯಾವ ಯೂನಿಟ್ಟಿನಲ್ಲಿ?

ಯಂತ್ರದಿಂದ ಫಲಿತಾಂಶವೇ ಬರದಿದ್ದರೆ ಅದು ಸಣ್ಣ ತೊಂದರೆ. ಹಳೆಯ ಬಗೆಯ ಸೆಲ್ ಕೌಂಟರುಗಳು ಸೀರಿಯಲ್ ಕೇಬಲ್ಲಿನಲ್ಲಿ ಮಾತಾಡುತ್ತವೆ. ಯುಎಸ್‌ಬಿ ಪರಿವರ್ತಕವನ್ನು ಬೇರೆ ಕಿಂಡಿಗೆ ಚುಚ್ಚಿದರೆ ಕಾಂ 3 ಪೋರ್ಟ್ ಇದ್ದದ್ದು ಕಾಂ 5 ಆಗಬಹುದು; ಡಿವೈಸ್ ಮ್ಯಾನೇಜರಿನಲ್ಲಿ ನೋಡಿ ಹೊಂದಿಸಿ. ವೇಗ ಮತ್ತು ಉಳಿದ ಸೆಟ್ಟಿಂಗ್ ಯಂತ್ರದಲ್ಲಿ ಇರುವಂತೆಯೇ ಇರಬೇಕು, ಬಹಳ ಕಡೆ 9600, 8 ಬಿಟ್, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1. ಕಾಂ ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿಯಬಹುದು. ಅಪ್‌ಗ್ರೇಡ್ ಆದ ಮೇಲೆ ಹಳೆಯ ಇಂಟರ್‌ಫೇಸ್ ಸರ್ವಿಸ್ ಇನ್ನೂ ಓಡುತ್ತಿದ್ದರೆ ಹೊಸದಕ್ಕೆ ‘ಆಕ್ಸೆಸ್ ಡಿನೈಡ್’ ಬರುತ್ತದೆ. ಹಳೆಯದನ್ನು ನಿಲ್ಲಿಸಿ ಡಿಸೇಬಲ್ ಮಾಡಬೇಕು. ಸ್ಕ್ಯಾನಿಂಗ್ ಯಂತ್ರದಿಂದ ಚಿತ್ರ ಬರದಿದ್ದರೆ ಸರ್ವರಿನ ಐಪಿ, ಪೋರ್ಟ್, ಎಇ ಟೈಟಲ್ (ಚಿತ್ರ ಕಳಿಸಿ-ಪಡೆಯುವಾಗ ಬಳಸುವ ಹೆಸರು) ಈ ಮೂರನ್ನು ನೋಡಿ. ಟೈಟಲ್ 16 ಅಕ್ಷರ ಮೀರುವಂತಿಲ್ಲ, ಇಂಗ್ಲಿಷಿನ ದೊಡ್ಡ ಅಕ್ಷರ-ಸಣ್ಣ ಅಕ್ಷರ ಒಂದೇ ಅಲ್ಲ.

ದೊಡ್ಡ ತೊಂದರೆ ಎಂದರೆ ಫಲಿತಾಂಶ ತಪ್ಪಾಗಿ ಬರುವುದು. ಪ್ಲೇಟ್‌ಲೆಟ್ ತೆಗೆದುಕೊಳ್ಳಿ. ಯಂತ್ರ ಸಾವಿರದ ಲೆಕ್ಕದಲ್ಲಿ 210 ಎಂದು ಕಳಿಸುತ್ತದೆ, ನಮ್ಮ ರಿಪೋರ್ಟಿನಲ್ಲಿ ಅದು 2.10 ಲಕ್ಷ. ನಡುವೆ 100ರಿಂದ ಭಾಗಿಸುವ ಒಂದು ಸೆಟ್ಟಿಂಗ್ ಇದೆ. ಅಪ್‌ಗ್ರೇಡಿನಲ್ಲಿ ಅದು ಅಳಿಸಿಹೋಗಿ ‘210 ಲಕ್ಷ’ ಎಂದು ಬಂದರೆ ಲ್ಯಾಬಿನವರು ಕೂಡಲೇ ಹಿಡಿಯುತ್ತಾರೆ. ಆದರೆ 100ರ ಜಾಗದಲ್ಲಿ 10 ಕೂತರೆ? ಡೆಂಗಿ ಬಂದವರ 45 ಸಾವಿರ, 4.5 ಲಕ್ಷ ಎಂದು ಅಚ್ಚಾಗುತ್ತದೆ. ಅದು ನೋಡಲು ಅಪ್ಪಟ ನಾರ್ಮಲ್. ಹಿಮೋಗ್ಲೋಬಿನ್ 12.4 ಆಗಬೇಕಾದದ್ದು 124 ಎಂದು ಬಂದರೆ ಕಣ್ಣಿಗೆ ಬೀಳುತ್ತದೆ. ಸಕ್ಕರೆಯಲ್ಲಿ ಒಂದು ಯೂನಿಟ್ಟಿನಿಂದ ಇನ್ನೊಂದಕ್ಕೆ 18ರ ಗುಣಕವಿದೆ, ಅದೂ ಕಂಡೀತು. ಕಾಣದಂಥವು ಈ ಪ್ಲೇಟ್‌ಲೆಟ್‌ನಂತೆ, ತಪ್ಪಾದರೂ ನಂಬಬಹುದಾದ ಸಂಖ್ಯೆಗಳು.

ಆದ್ದರಿಂದ ಹೊಸ ಆವೃತ್ತಿಯಲ್ಲಿ ಮೊದಲ ರಿಪೋರ್ಟ್ ಸಹಿಯಾಗುವ ಮುನ್ನ ಇದನ್ನು ಮಾಡಲೇಬೇಕು. ಕಂಟ್ರೋಲ್ ಸ್ಯಾಂಪಲ್ ಒಂದನ್ನು ಯಂತ್ರಕ್ಕೆ ಹಾಕಿ, ಯಂತ್ರದ ಪರದೆ, ಸಾಫ್ಟ್‌ವೇರಿನ ಪರದೆ, ಅಚ್ಚಾದ ಕಾಗದ ಮೂರನ್ನೂ ಪಕ್ಕಪಕ್ಕ ಇಟ್ಟು ಪ್ರತಿ ಸಾಲನ್ನೂ ಬೆರಳಿಟ್ಟು ಓದಿ. ಒಬ್ಬರು ಓದಬೇಕು, ಇನ್ನೊಬ್ಬರು ಟಿಕ್ ಹಾಕಬೇಕು. ಆಮೇಲೆ ಕಳೆದ ವಾರದ ಐದು ಹಳೆಯ ರಿಪೋರ್ಟುಗಳನ್ನು ಹೊಸ ಆವೃತ್ತಿಯಿಂದ ಮತ್ತೆ ಅಚ್ಚು ಹಾಕಿ ಫೈಲಿನಲ್ಲಿರುವ ಕಾಗದದ ಜೊತೆ ಹೋಲಿಸಿ. ಅದರಲ್ಲಿ ಒಬ್ಬ ಗಂಡಸು, ಒಬ್ಬ ಗರ್ಭಿಣಿ, ಒಂದು ಕೂಸು ಇರಲಿ. ವಯಸ್ಸು ಮತ್ತು ಲಿಂಗಕ್ಕೆ ತಕ್ಕ ನಾರ್ಮಲ್ ಮಿತಿಗಳು ಅಪ್‌ಗ್ರೇಡಿನಲ್ಲಿ ಕಂಪನಿಯ ಮೂಲ ಪಟ್ಟಿಗೆ ಮರಳಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ವಿಳಾಸ, ಎಸ್‌ಎಂಎಸ್, ಬಿಲ್

ನಮ್ಮ ಸೀಮೆಗೇ ವಿಶೇಷವಾದ ಒಂದು ತೊಡಕು ವಿಳಾಸದ ಪಟ್ಟಿಯಲ್ಲಿದೆ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ; ಅದಕ್ಕೂ ಮೊದಲು ಊರು ಚಿತ್ರದುರ್ಗ ಜಿಲ್ಲೆಯದು. ಹರಪನಹಳ್ಳಿ ದಾವಣಗೆರೆಯಲ್ಲಿದ್ದು, ಮತ್ತೆ ಬಳ್ಳಾರಿಗೆ ಸೇರಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ಹೊನ್ನಾಳಿಯಿಂದ ನ್ಯಾಮತಿ ಪ್ರತ್ಯೇಕ ತಾಲ್ಲೂಕಾಯಿತು. ಹೊಸ ಆವೃತ್ತಿ ಇತ್ತೀಚಿನ ಜಿಲ್ಲಾ-ತಾಲ್ಲೂಕು ಪಟ್ಟಿ ತಂದರೆ, ‘ದಾವಣಗೆರೆ–ಹರಪನಹಳ್ಳಿ’ ಎಂದಿದ್ದ ಹಳೆಯ ರೋಗಿಗಳ ತಾಲ್ಲೂಕು ಖಾಲಿಯಾಗುತ್ತದೆ. ಸಾಲದ್ದಕ್ಕೆ ಇಂಗ್ಲಿಷಿನಲ್ಲಿ ದಾವಣಗೆರೆಗೆ ಎರಡು ಕಾಗುಣಿತ ಚಾಲ್ತಿಯಲ್ಲಿದೆ, ನಡುವೆ ಒಂದು ‘ಎ’ ಇರುವುದು, ಇಲ್ಲದಿರುವುದು. ಹಳೆಯ ಪಟ್ಟಿಯಲ್ಲಿ ಒಂದು, ಹೊಸದರಲ್ಲಿ ಇನ್ನೊಂದು ಇದ್ದರೆ ಹುಡುಕಿದಾಗ ಅರ್ಧ ಜನ ಸಿಗುವುದಿಲ್ಲ. ಕೌಂಟರಿನವರು ‘ಹೊಸ ಪೇಷಂಟ್’ ಎಂದು ಎರಡನೇ ನಂಬರ್ ಕೊಟ್ಟುಬಿಡುತ್ತಾರೆ. ಮೊದಲ ವಾರ ಹುಡುಕುವುದು ಮೊಬೈಲ್ ನಂಬರಿನಿಂದಲೇ ಇರಲಿ. ಹಳೆಯ ಹೆಸರಿಂದ ಹೊಸ ಹೆಸರಿಗೆ ಒಂದು ಹೊಂದಾಣಿಕೆ ಪಟ್ಟಿ ಮಾಡಿ ಕಂಪನಿಯವರಿಗೆ ಕೊಟ್ಟರೆ ಅವರು ಒಂದೇ ಸಲಕ್ಕೆ ಸರಿಪಡಿಸುತ್ತಾರೆ.

ಎಸ್‌ಎಂಎಸ್ ‘ಕಳಿಸಲಾಗಿದೆ’ ಎಂದು ತೋರಿಸಿಯೂ ಯಾರಿಗೂ ತಲುಪದಿದ್ದರೆ ಡಿಎಲ್‌ಟಿ ಟೆಂಪ್ಲೇಟ್, ಅಂದರೆ ಮೊಬೈಲ್ ಕಂಪನಿಗಳ ಬಳಿ ಮೊದಲೇ ನೋಂದಾಯಿಸಿದ ಎಸ್‌ಎಂಎಸ್ ಪಠ್ಯ, ನೋಡಿ. ನೋಂದಾಯಿಸಿದ ಪಠ್ಯಕ್ಕೂ ಕಳಿಸಿದ ಪಠ್ಯಕ್ಕೂ, ಬದಲಾಗುವ ಹೆಸರು-ತಾರೀಖು ಬಿಟ್ಟು, ಅಕ್ಷರ ಅಕ್ಷರ ಹೊಂದಬೇಕು. ಅಪ್‌ಗ್ರೇಡಿನಲ್ಲಿ ಪಠ್ಯ ಮೂಲರೂಪಕ್ಕೆ ಮರಳಿ ಒಂದು ಪೂರ್ಣವಿರಾಮ ಹೆಚ್ಚಾದರೂ ಮೊಬೈಲ್ ಕಂಪನಿ ಅದನ್ನು ಬಿಸಾಡಬಹುದು. ಕನ್ನಡದ ಎಸ್‌ಎಂಎಸ್ ಒಂದಕ್ಕೆ ಮಿತಿ 70 ಸಂಕೇತ, ಇಂಗ್ಲಿಷಿಗೆ 160. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತ ತಿನ್ನುತ್ತದೆ. ಹಾಗಾಗಿ ಹೊಸ ಆವೃತ್ತಿ ಕನ್ನಡಕ್ಕೆ ತಿರುಗಿದ ತಿಂಗಳು ಎಸ್‌ಎಂಎಸ್ ಖರ್ಚು ಏರುವುದು ಸಹಜ.

ಬಿಲ್ಲಿನ ಕ್ರಮಸಂಖ್ಯೆ ಮತ್ತೆ 1ರಿಂದ ಶುರುವಾಗಿಲ್ಲವೇ ನೋಡಿ. ಒಂದು ಆರ್ಥಿಕ ವರ್ಷದಲ್ಲಿ ಒಂದೇ ನಂಬರ್ ಎರಡು ಸಲ ಬರುವಂತಿಲ್ಲ, ಜಿಎಸ್‌ಟಿ ಬಿಲ್ಲಿನ ನಂಬರ್ 16 ಅಕ್ಷರ ಮೀರುವಂತಿಲ್ಲ. ಮೆಡಿಕಲ್ಸ್‌ನಲ್ಲಿ ತೆರಿಗೆ ದರಗಳನ್ನು ಪರಿಶೀಲಿಸಿ: 2025ರ ಸೆಪ್ಟೆಂಬರ್ 22ರಿಂದ 12 ಶೇಕಡಾ ಇದ್ದ ಬಹುತೇಕ ಔಷಧಿಗಳು 5ಕ್ಕೆ ಇಳಿದವು, ಹಳೆಯ ಸ್ಟಾಕಿನ ಸಾಲುಗಳು ಹಳೆಯ ದರವನ್ನೇ ಹಿಡಿದಿರಬಹುದು. ಸ್ಕ್ಯಾನಿಂಗ್ ಇರುವವರು ಫಾರ್ಮ್ ಎಫ್‌ನ (ಗರ್ಭಿಣಿಯರ ಸ್ಕ್ಯಾನಿಂಗ್ ದಾಖಲೆ) ಪಟ್ಟಿಯನ್ನು ಆ ವಾರವೇ ತೆಗೆದು ನೋಡಿ, ಏಕೆಂದರೆ ತಿಂಗಳ ವರದಿ ಮುಂದಿನ ತಿಂಗಳ 5ರೊಳಗೆ ಹೋಗಬೇಕು.

ಎಲ್ಲ ಸರಿಯಿದೆ, ಆದರೆ ನಿಧಾನ

ಮೊದಲ ದಿನ ನಿಧಾನವಾಗಿದ್ದು ಆಮೇಲೆ ಸರಿಹೋದರೆ ಚಿಂತೆಯಿಲ್ಲ. ಹೋಗದಿದ್ದರೆ ಕಂಪನಿಯವರಿಗೆ ಡೇಟಾಬೇಸಿನ ಸ್ಟ್ಯಾಟಿಸ್ಟಿಕ್ಸ್ ಅಪ್‌ಡೇಟ್ ಮಾಡಿ, ಇಂಡೆಕ್ಸ್ ಮರುಕಟ್ಟಲು ಹೇಳಿ. ಎಕ್ಸ್‌ಪ್ರೆಸ್‌ನಲ್ಲಿ ‘ಆಟೊ ಕ್ಲೋಸ್’ ಎಂಬುದು ಆನ್ ಇದ್ದರೆ ಯಾರೂ ಬಳಸದ ಗಳಿಗೆಯಲ್ಲಿ ಡೇಟಾಬೇಸ್ ಮುಚ್ಚಿಕೊಂಡು ಮತ್ತೆ ತೆರೆಯುತ್ತಿರುತ್ತದೆ. ಅದನ್ನು ಆಫ್ ಮಾಡಿ. ಆಂಟಿವೈರಸ್ ಡೇಟಾಬೇಸ್ ಫೈಲುಗಳನ್ನು ಪದೇಪದೇ ತಡಕದಂತೆ ಹೊರಗಿಡಿ. ಎಕ್ಸ್‌ಪ್ರೆಸ್ ಆವೃತ್ತಿಗಳಲ್ಲಿ 2022ರದರವರೆಗೂ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ. ಹೊಸ ಸಾಫ್ಟ್‌ವೇರ್ ಎಕ್ಸ್‌ರೇ ಫೋಟೊಗಳನ್ನು ಫೋಲ್ಡರ್ ಬಿಟ್ಟು ಡೇಟಾಬೇಸಿನೊಳಗೇ ಇಡತೊಡಗಿದರೆ ಆ ಮಿತಿ ಬೇಗ ತುಂಬಿ, ಒಂದು ದಿನ ಸೇವ್ ಆಗುವುದೇ ನಿಲ್ಲುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ ಫೈಲಿನ ಗಾತ್ರ ಬರೆದುಕೊಳ್ಳಿ.

ಹಿಂದಕ್ಕೆ ಹೋಗುವುದಾದರೆ ಬೇಗ ಹೋಗಿ

ಹಳೆಯ ಆವೃತ್ತಿಗೆ ಮರಳುವ ಬಾಗಿಲು ಗಂಟೆಗಂಟೆಗೂ ಕಿರಿದಾಗುತ್ತದೆ. ಅಪ್‌ಗ್ರೇಡಿಗೆ ಮುಂಚಿನ ಬ್ಯಾಕಪ್ ಹಾಕಿದರೆ ಆಮೇಲೆ ನಮೂದಾದದ್ದೆಲ್ಲ ಹೋಗುತ್ತದೆ. ಹತ್ತು ರೋಗಿಗಳಾದರೆ ಮತ್ತೆ ಬರೆಯಬಹುದು, ಮುನ್ನೂರಾದರೆ ಆಗದು. ಹಾಗಾಗಿ ಸೋಮವಾರ ಬೆಳಿಗ್ಗೆ 11 ಗಂಟೆ ಎಂದು ಮೊದಲೇ ಗಡುವು ಇಟ್ಟುಕೊಳ್ಳಿ. ಅಷ್ಟರೊಳಗೆ ಕನ್ನಡ, ತಾರೀಖು, ಲ್ಯಾಬ್ ಮೂರರಲ್ಲಿ ಒಂದು ತಪ್ಪಿದ್ದು, ಕಾರಣ ಸಿಗದಿದ್ದರೆ ಮರಳಿ. ಪ್ರಿಂಟರ್, ನೆಟ್‌ವರ್ಕ್ ತೊಂದರೆಗೆ ಮರಳುವ ಅಗತ್ಯವಿಲ್ಲ. ಅಷ್ಟೊತ್ತು ಕಾರ್ಬನ್ ಹಾಳೆಯ ರಸೀದಿ ಪುಸ್ತಕ ಮತ್ತು ಟೋಕನ್ ಚೀಟಿಯಲ್ಲಿ ಕೆಲಸ ನಡೆಯಲಿ. ಪುಸ್ತಕದ ನಂಬರನ್ನು ಸಾಫ್ಟ್‌ವೇರಿನ ನಂಬರಿನ ಜೊತೆ ಬೆರೆಸದೆ ಬೇರೆ ಸರಣಿಯಾಗಿಡಿ.

ಎಸ್‌ಕ್ಯೂಎಲ್ ಸರ್ವರಿನಲ್ಲಿ ಹೊಸ ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ ಹಳೆಯ ಆವೃತ್ತಿಯಲ್ಲಿ ತೆರೆಯುವುದೇ ಇಲ್ಲ. ಡೇಟಾಬೇಸ್ ತಂತ್ರಾಂಶವೂ ಬದಲಾಗಿದ್ದರೆ ಮರಳಲು ಅದರ ಹಳೆಯ ಇನ್‌ಸ್ಟಾಲರ್ ಕೂಡ ಕೈಯಲ್ಲಿರಬೇಕು. ನಡುವೆ ಬೆಸ್ಕಾಂ ಕರೆಂಟ್ ಹೋಗಿ ಡೇಟಾಬೇಸಿನ ಪಕ್ಕ ‘ರಿಕವರಿ ಪೆಂಡಿಂಗ್’ ಅಥವಾ ‘ಸಸ್ಪೆಕ್ಟ್’ ಎಂದು ಕಂಡರೆ ಡಿಟ್ಯಾಚ್ ಮಾಡಬೇಡಿ (ಸರ್ವರಿನಿಂದ ಬಿಡಿಸಬೇಡಿ); ಮತ್ತೆ ಸೇರಿಸಲು ಆಗದೇ ಹೋಗಬಹುದು. ಸರ್ವಿಸ್ ನಿಲ್ಲಿಸಿ, ಎಂಡಿಎಫ್ (ಡೇಟಾಬೇಸ್) ಮತ್ತು ಎಲ್‌ಡಿಎಫ್ (ಅದರ ಲಾಗ್) ಫೈಲುಗಳೆರಡನ್ನೂ ಬೇರೆಡೆ ನಕಲು ಮಾಡಿ, ಆಮೇಲೆ ಬಲ್ಲವರನ್ನು ಕರೆಯಿರಿ.

ಅಪ್‌ಗ್ರೇಡ್ ಯಶಸ್ವಿಯಾದರೂ ಹಳೆಯ ಬ್ಯಾಕಪ್ ಎಸೆಯುವಂತಿಲ್ಲ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ರೋಗಿಯೋ ಅವರ ಪರವಾಗಿ ಅಧಿಕಾರವುಳ್ಳವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಹೊಸ ಆವೃತ್ತಿಗೆ ದಾಟದೆ ಉಳಿದ ಒಂದು ಡಿಸ್ಚಾರ್ಜ್ ಸಮರಿಯನ್ನು ಯಾರೋ ಕೇಳಿಕೊಂಡು ಬಂದಾಗ ಅದು ಸಿಗುವುದು ಆ ಬ್ಯಾಕಪ್ಪಿನಲ್ಲೇ. ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ನಿಜವಾಗಿ ರೀಸ್ಟೋರ್ ಮಾಡಿ, ಒಬ್ಬ ರೋಗಿಯ ದಾಖಲೆ ತೆರೆದು ನೋಡಿ. ನಂತರ ಹಾರ್ಡ್ ಡಿಸ್ಕಿನ ಮೇಲೆ ಒಂದು ಚೀಟಿ ಅಂಟಿಸಿ: ಬ್ಯಾಕಪ್ ತೆಗೆದ ದಿನ, ಸಾಫ್ಟ್‌ವೇರಿನ ಹಳೆಯ ಆವೃತ್ತಿ ಸಂಖ್ಯೆ, ಎಸ್‌ಕ್ಯೂಎಲ್ ಆವೃತ್ತಿ, ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂಬುದು.